ಉಚ್ಚೆಂಗೆಮ್ಮನ ಗೋರಂಟಿ

ಕುರುಗೋಡಿನ ಶೈಲಜಾ ಬಳ್ಳಾರಿಯ ಒಂದು ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಬಾಯಿಯಲ್ಲಿ, ಚರ್ಮದ ಮಡಿಕೆಗಳಲ್ಲಿ ಹುಣ್ಣು ತರುವ ಕ್ಯಾಂಡಿಡಾ ಎಂಬ ಶಿಲೀಂಧ್ರವನ್ನು ಯಾವ ಸೊಪ್ಪಿನ ರಸ ತಡೆಯುತ್ತದೆ ಎಂದು ಹುಡುಕುವುದು ಅವಳ ಕೆಲಸ. ಎರಡು ವರ್ಷ ಬೇವು, ತುಳಸಿ, ಲಕ್ಕಿ ಎಂದು ಅರೆದದ್ದಾಯಿತು. ಹೇಳಿಕೊಳ್ಳುವಂಥದ್ದೇನೂ ಸಿಕ್ಕಿರಲಿಲ್ಲ.

ಸಿರುಗುಪ್ಪದ ಕಡೆ ನಾಟಿಗೆ ಹೋಗುವ ಹೆಂಗಸರು ಕೈಕಾಲಿಗೆ ಗೋರಂಟಿ, ಅಂದರೆ ಮೆಹಂದಿ ಸೊಪ್ಪು, ಹಚ್ಚಿಕೊಳ್ಳುವುದು ಚಂದಕ್ಕಲ್ಲ, ಕೆಸರುನೀರಿಗೆ ಬೆರಳ ಸಂದಿ ಬೆಳ್ಳಗಾಗಿ ಬಿರಿಯಬಾರದೆಂದು. ಇದನ್ನು ಕೇಳಿ ಅವಳು ಅದೇ ಕಡೆಯ ರಾರಾವಿ ಎಂಬ ಹಳ್ಳಿಗೆ ಹೋದಳು. ಅಲ್ಲಿ ಹದಿನಾಲ್ಕು ಮಂದಿಯ ನಾಟಿ ಗುಂಪಿಗೆ ಉಚ್ಚೆಂಗೆಮ್ಮ ಹಿರಿಯಳು. ಅವಳ ಹಿತ್ತಲಿನ ಗೋರಂಟಿ ಗಿಡವೇ ಇಡೀ ಗುಂಪಿಗೆ ಔಷಧಿ. ಕೇಳಿದ್ದೇ ತಡ, ಉಚ್ಚೆಂಗೆಮ್ಮ ಒಂದು ಚೀಲ ಸೊಪ್ಪು ಸವರಿ ಕೊಟ್ಟಳು.

ಪ್ರಯೋಗಾಲಯದಲ್ಲಿ ಶಿಲೀಂಧ್ರ ಬೆಳೆಸುವ ತಟ್ಟೆಯಲ್ಲಿ ಎರಡನೆಯ ದಿನ ಫಲಿತಾಂಶ ಕಂಡಿತು. ಗೋರಂಟಿ ರಸ ಹಾಕಿದ ಕುಳಿಯ ಸುತ್ತ ಹದಿನೈದು ಮಿಲಿಮೀಟರ್ ಅಗಲಕ್ಕೆ ಶಿಲೀಂಧ್ರ ಬೆಳೆದಿರಲಿಲ್ಲ. ಶೈಲಜಾ ಮೂರು ಸಲ ಮಾಡಿ ನೋಡಿದಳು. ಮೂರು ಸಲವೂ ಅಷ್ಟೇ. ಫೋಟೊ ತೋರಿಸಲು ಮತ್ತೆ ರಾರಾವಿಗೆ ಹೋದಳು.

ಉಚ್ಚೆಂಗೆಮ್ಮ ಎಡಗೈಯಲ್ಲಿ ಫೋನು ಹಿಡಿದು ನೋಡಿದಳು. ಬಲಗೈ ಸೆರಗಿನೊಳಗಿತ್ತು.

"ಕೈಗೇನಾಗೈತಿ ಅಮ್ಮಾ?"

"ಏನಿಲ್ಲ ಬಿಡವ್ವ."

ಶೈಲಜಾ ಬಿಡಲಿಲ್ಲ. ಗೋರಂಟಿಯ ಕಡುಗೆಂಪಿನ ಅಡಿಯಲ್ಲಿ ಬೆರಳ ಸಂದಿಗಳು ಬಿರಿದಿದ್ದವು. ಉಗುರಿನ ಬುಡ ಊದಿಕೊಂಡಿತ್ತು.

"ಮೂರು ತಿಂಗಳಾತು. ಹಚ್ಚೇ ಹಚ್ಚೀನಿ, ಮಾಯಲಿಲ್ಲ," ಎಂದಳು ಉಚ್ಚೆಂಗೆಮ್ಮ. "ಯಾರಿಗೂ ಹೇಳಬ್ಯಾಡ. ನನ್ನ ಕೈಗೇ ಗುಣ ಕೊಡಲಿಲ್ಲ ಅಂದ್ರ ಗುಂಪಿನಾಗ ನನ್ನ ಮಾತು ಯಾರು ನಂಬ್ತಾರ?"

ಶೈಲಜಾಳಿಗೆ ಮೊದಲು ಬಂದದ್ದು ತನ್ನ ಪ್ರಬಂಧದ ಯೋಚನೆ. ಅದಕ್ಕೆ ನಾಚಿಕೆಯೂ ಆಯಿತು. ಆಮೇಲೆ ಕೇಳಿದಳು: "ನೀರಡಿಕಿ ಭಾಳ ಆಗ್ತೈತೇನು? ಮೈ ಇಳಿದೈತಲ್ಲ?"

ಉಚ್ಚೆಂಗೆಮ್ಮ ಎರಡಕ್ಕೂ ಹೌದೆಂದಳು. ಆ ದಿನವೇ ಇಬ್ಬರೂ ಸಿರುಗುಪ್ಪದ ಆಸ್ಪತ್ರೆಗೆ ಹೋದರು. ರಕ್ತದಲ್ಲಿ ಸಕ್ಕರೆ ಮುನ್ನೂರ ನಲವತ್ತಿತ್ತು. ಡಾಕ್ಟರು ಮಾತ್ರೆ, ಮುಲಾಮು ಬರೆದು, ಎರಡು ತಿಂಗಳು ಕೈ ನೀರಿಗೆ ಇಡಬಾರದೆಂದರು.

ಬಸ್‌ಸ್ಟ್ಯಾಂಡಿನಲ್ಲಿ ಉಚ್ಚೆಂಗೆಮ್ಮ ಕೇಳಿದಳು: "ಹಂಗಾದ್ರ ನನ್ನ ಸೊಪ್ಪು ಸುಳ್ಳೇನು?"

"ಸುಳ್ಳಲ್ಲ ಅಮ್ಮಾ. ತಟ್ಟಿಯಾಗ ತಡೆದೈತಿ, ನಾನೇ ನೋಡೀನಿ. ಮನುಷ್ಯರ ಮೈಮ್ಯಾಲೆ ಎಷ್ಟು ತಡೀತೈತೋ ನನಗಿನ್ನೂ ಗೊತ್ತಿಲ್ಲ. ಶುಗರ್ ಏರಿದ್ರ ಈ ಹುಣ್ಣು ಜಲ್ದಿ ಮಾಯಂಗಿಲ್ಲ."

"ಗೊತ್ತಿಲ್ಲ ಅಂತ ನೀನು ಹೇಳಬಹುದು. ನಾನು ಹೇಳಿದ್ರ ನಡೀತೈತೇನು?" ಎಂದಳು ಉಚ್ಚೆಂಗೆಮ್ಮ.

ಆರು ವಾರಕ್ಕೆ ಕೈ ಮಾಯಿತು. ಶೈಲಜಾ ಪ್ರಬಂಧದಲ್ಲಿ ಫಲಿತಾಂಶ ಬರೆದು, ಇದು ತಟ್ಟೆಯ ಪರೀಕ್ಷೆ ಮಾತ್ರ, ರೋಗಿಗಳ ಮೇಲೆ ನೋಡಿದ್ದಲ್ಲ ಎಂದು ಸೇರಿಸಿದಳು. ಆ ಸಾಲಿನಿಂದ ಪ್ರಬಂಧ ದುರ್ಬಲವಾಯಿತೆಂದು ಮಾರ್ಗದರ್ಶಕರು ಹೇಳಿದರೂ ಅವಳು ಅದನ್ನು ತೆಗೆಯಲಿಲ್ಲ.

ಮುಂದಿನ ನಾಟಿಗೆ ಮೊದಲು ಉಚ್ಚೆಂಗೆಮ್ಮ ಗುಂಪಿನವರನ್ನು ಮನೆಗೆ ಕರೆಸಿ, ನಡೆದದ್ದನ್ನೆಲ್ಲ ತಾನೇ ಹೇಳಿದಳು. "ಗೋರಂಟಿ ಹಚ್ಚಿಕೊಳ್ರಿ. ಹದಿನೈದು ದಿನಕ್ಕ ಮಾಯಲಿಲ್ಲ ಅಂದ್ರ ದವಾಖಾನಿಗೆ ನಡೀರಿ, ನಾನೂ ಬರ್ತೀನಿ." ಇಬ್ಬರು ನಕ್ಕರು. ಗುಂಪಿನ ದೊಡ್ಡಬಸಮ್ಮ ಮಾತ್ರ ನಗದೆ ಕಾಲು ಮುಂದೆ ಚಾಚಿ, ಬೆರಳು ಬಿಡಿಸಿ ಬಿರಿದ ಸಂದಿಗಳನ್ನು ತೋರಿಸಿದಳು.