ಗಂಡನ ತೂಕ

ಕನ್ನಡಕದಮ್ಮ ಜೀವಮಾನದಲ್ಲಿ ಎತ್ತಿದ್ದೆಲ್ಲ ಹಗುರದ ವಸ್ತುಗಳೇ. ಮುಖ್ಯ ರಸ್ತೆಯ ತಿರುವಿನಲ್ಲಿ ಅವಳದೊಂದು ಪುಟ್ಟ ಕನ್ನಡಕದ ಅಂಗಡಿ. ಗಾಜು ಉಜ್ಜುವುದು, ಫ್ರೇಮಿನ ಕಡ್ಡಿ ಬಗ್ಗಿಸಿ ಗಿರಾಕಿಯ ಕಿವಿಗೆ ಕೂರಿಸುವುದು, ಎಳ್ಳಿನಷ್ಟು ಸಣ್ಣ ಸ್ಕ್ರೂವನ್ನು ಚಿಮಟದಲ್ಲಿ ಹಿಡಿದು ಉಸಿರು ಬಿಗಿಹಿಡಿದು ತಿರುಗಿಸುವುದು. ಜೋರಾಗಿ ಸೀನಿದರೆ ಕೆಲಸ ಹಾರಿಹೋಗುವಂಥ ಕಸುಬು.

ಗಂಡನ ಕಸುಬು ಇದಕ್ಕೆ ತದ್ವಿರುದ್ಧ. ಅವನು ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಎಲ್ಲರ ಬಾಯಲ್ಲೂ ಕ್ರೇನಣ್ಣ. ಹಕ್ಕಿ ಹಾರುವ ಎತ್ತರದಲ್ಲಿ ಕೂತು, ಲಾರಿಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಎರಡು ಬೆರಳಿನಿಂದ ಎತ್ತಿ ಹಡಗಿನೊಳಗೆ ಹೂವಿನಂತೆ ಇಳಿಸುತ್ತಿದ್ದ. ಅಷ್ಟು ವರ್ಷ ಅಷ್ಟೆತ್ತರ ಹತ್ತಿಳಿದವನು ಬಿದ್ದದ್ದು ಮಾತ್ರ ಏಣಿಯ ಬುಡದ ಮೆಟ್ಟಿಲಿನಿಂದ. ಕೆಳಗೆ ನಿಂತವನೊಬ್ಬ ಊಟಕ್ಕೆ ಏನು ತಂದಿದ್ದೀಯ ಎಂದು ಕೇಳಿದ. ಇವನು ತಿರುಗಿ ಉತ್ತರ ಹೇಳಹೋದ. ಹಿಂದಿದ್ದ ಕಬ್ಬಿಣದ ಗೂಟಕ್ಕೆ ಬೆನ್ನು ಬಡಿಯಿತು. ಸೊಂಟದಿಂದ ಕೆಳಗೆ ಎಲ್ಲ ನಿಂತುಹೋಯಿತು.

ಆಸ್ಪತ್ರೆಯಿಂದ ಮನೆಗೆ ಬಂದವನು ಹೆಚ್ಚು ಮಾತಾಡಲಿಲ್ಲ. ಬೆಳಿಗ್ಗೆ ಒಬ್ಬ ಆಳು ಬಂದು ಹಾಸಿಗೆಯಿಂದ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸುತ್ತಿದ್ದ, ಸಂಜೆ ಬಂದು ಮತ್ತೆ ಮಲಗಿಸುತ್ತಿದ್ದ. ನಡುವೆ ಕ್ರೇನಣ್ಣ ಇಟ್ಟಲ್ಲಿ ಇರುತ್ತಿದ್ದ. ಕಿಟಕಿಯ ಕಡೆ ಮುಖ ಮಾಡಿ ಇಟ್ಟರೆ ಕಿಟಕಿ, ಗೋಡೆಯ ಕಡೆ ಇಟ್ಟರೆ ಗೋಡೆ.

ಒಂದು ದಿನ ಆಳು ಬರಲಿಲ್ಲ. ಅವನಿಗೆ ಹೋಟೆಲೊಂದರಲ್ಲಿ ಬೇರೆ ಕೆಲಸ ಸಿಕ್ಕಿತ್ತು. ಕನ್ನಡಕದಮ್ಮ ಸ್ವಲ್ಪ ಹೊತ್ತು ಕಾದಳು, ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಬೇಡ ಕಣೇ," ಎಂದ ಕ್ರೇನಣ್ಣ.

"ಸುಮ್ನಿರಿ."

ಗಂಡನ ಕಂಕುಳಿಗೆ ಕೈ ಹಾಕಿ ಎಳೆದಳು. ಅವನು ಹಾಸಿಗೆಯಿಂದ ಹೊರಟದ್ದೇನೋ ಹೌದು, ಕುರ್ಚಿಯನ್ನು ಮಾತ್ರ ತಲುಪಲಿಲ್ಲ. ಇಬ್ಬರೂ ಮಂಚಕ್ಕೂ ಬೀರುವಿಗೂ ನಡುವೆ ನೆಲಕ್ಕೆ ಬಂದರು. ಕೆಳಗೆ ಅವಳು, ಮೇಲೆ ಅವನು. ಅವಳಿಗೆ ಮಿಸುಕಲು ಆಗಲಿಲ್ಲ.

"ಪೆಟ್ಟಾಯ್ತಾ?" ಎಂದು ಕೇಳಿದ.

"ಇಲ್ಲ. ನಿಮಗೆ?"

"ಆಗಿದ್ರೂ ಗೊತ್ತಾಗಲ್ಲ."

ಅದು ನಿಜವೇ. ಮಂಚದ ಕೆಳಗೆ ದೂಳು ಕಾಣುತ್ತಿತ್ತು. ಗುಡಿಸಬೇಕು ಎಂದುಕೊಂಡಳು. ಕೊನೆಗೆ ಪಕ್ಕದ ಮನೆಯವರು ಅವಳ ಕೂಗು ಕೇಳಿ ಬಂದು, ಮೂರು ಜನ ಸೇರಿ ಇಬ್ಬರನ್ನೂ ಬಿಡಿಸಿದರು. ಹೊಸ ಆಳು ಸಿಗಲು ತಡವಾಗಲಿಲ್ಲ. ಆದರೆ ಆ ವಾರವೇ ಕನ್ನಡಕದಮ್ಮ ತನ್ನ ಅಂಗಡಿಯ ಎದುರಿದ್ದ ಜಿಮ್ಮಿನ ಮೆಟ್ಟಿಲು ಹತ್ತಿದಳು. ಆಗ ಅವಳಿಗೆ ಐವತ್ತನಾಲ್ಕು ವರ್ಷ.

ಜಿಮ್ಮಿನವನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಕುತ್ತಿಗೆಯೇ ಇಲ್ಲದ ಮನುಷ್ಯ. ತಲೆ ನೇರವಾಗಿ ಭುಜದ ಮೇಲೆ ಕೂತಿತ್ತು.

"ನಿಮ್ಮ ಗುರಿ ಏನಮ್ಮ?"

"ಎಂಬತ್ತೆರಡು ಕಿಲೊ."

ಮೇಷ್ಟ್ರು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಈಗ್ಲೇ ಅಷ್ಟಿಲ್ಲವಲ್ಲ. ಐವತ್ತೈದು ಇದ್ರೆ ಹೆಚ್ಚು."

"ನಂದಲ್ಲ, ನಮ್ಮನೆಯವರ ತೂಕ. ಅವರನ್ನ ಎತ್ತಬೇಕು."

"ಎಲ್ಲಿಗೆ?"

"ಮಂಚದಿಂದ ಕುರ್ಚಿಗೆ."

ಮೇಷ್ಟ್ರು ನಗಲಿಲ್ಲ. ಗೋಡೆಗೆ ಒರಗಿಸಿದ್ದ, ತೂಕದ ಬಿಲ್ಲೆ ಹಾಕದ ಬರಿಯ ಕಬ್ಬಿಣದ ಬಾರ್ ತಂದು ಅವಳ ಮುಂದಿಟ್ಟರು. "ಮೊದಲು ಇದನ್ನ ನೆಲದಿಂದ ಎತ್ತಿ ನೆಟ್ಟಗೆ ನಿಲ್ಲಿ. ಬೆನ್ನು ಬಗ್ಗಬಾರದು. ಎತ್ತೋದು ಕೈಯಲ್ಲ, ಕಾಲು."

ಅವಳು ಎತ್ತಿದಳು. ಮರುದಿನ ಅಂಗಡಿಯಲ್ಲಿ ಕೂತರೆ ಏಳಲು ಆಗಲಿಲ್ಲ, ಎದ್ದರೆ ಕೂರಲು ಆಗಲಿಲ್ಲ. ಗಿರಾಕಿಗಳ ಜೊತೆ ನಿಂತೇ ವ್ಯವಹರಿಸಿದಳು.

ಮೇಷ್ಟ್ರ ಲೆಕ್ಕ ಸರಳವಾಗಿತ್ತು. ವಾರದಲ್ಲಿ ಮೂರು ದಿನ ಎತ್ತಬೇಕು, ಉಳಿದ ದಿನ ನಿದ್ದೆ ಮಾಡಬೇಕು, ಎತ್ತಿದ ತೂಕವನ್ನು ಬರೆದಿಡಬೇಕು, ಪ್ರತಿ ಸಲವೂ ಚೂರು ಜಾಸ್ತಿ. ಊಟದಲ್ಲಿ ಬೇಳೆ, ಮೊಸರು, ಕೋಳಿ, ಎಲ್ಲಕ್ಕಿಂತ ಮೇಲೆ ಮೊಟ್ಟೆಯ ಬಿಳಿ. ಕನ್ನಡಕದಮ್ಮ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಎರಡು ಗೆರೆ ಎಳೆದಳು. ಒಂದು ತಾನು ಎತ್ತುವ ತೂಕ, ಇನ್ನೊಂದು ಗಂಡನ ತೂಕ. ಮೊದಲನೆಯದು ಮೇಲೆ ಹೋಗಬೇಕು. ಎರಡನೆಯದು ಇದ್ದಲ್ಲಿ ಇರಬೇಕು. ಯಾವಾಗಲೋ ಒಂದು ದಿನ ಎರಡೂ ಕೂಡಬೇಕು.

ಗಂಡನ ಅಕ್ಕ ವಾರಕ್ಕೊಮ್ಮೆ ತಮ್ಮನನ್ನು ನೋಡಲು ಬರುವಾಕೆ. ಆ ಹಾಳೆಯನ್ನು ಓದಿ ಮೂಗಿನ ಮೇಲೆ ಬೆರಳಿಟ್ಟಳು.

"ಅರವತ್ತಕ್ಕೆ ಅರಳುಮರಳು ಅಂತಾರೆ. ನಿನಗೆ ಮುಂಚೇನೇ ಬಂತಲ್ಲೇ."

"ಬೇಗ ಬಂದ್ರೆ ಬೇಗ ಹೋಗುತ್ತೆ ಬಿಡಿ ಅಕ್ಕ."

"ಹೆಂಗಸ್ರು ತೋಳು ಬೆಳೆಸಿಕೊಂಡ್ರೆ ನೋಡೋಕೆ ಚೆನ್ನಾಗಿರುತ್ತಾ?"

"ನಾನು ಯಾರಿಗೆ ತೋರಿಸ್ಬೇಕು? ಅವರಿಗೆ ತಾನೆ. ಅವರು ಗೋಡೆ ನೋಡ್ತಾ ಕೂತಿರ್ತಾರೆ."

ಕ್ರೇನಣ್ಣ ಗೋಡೆ ನೋಡುತ್ತಲೇ ಇದ್ದ.

ತಿಂಗಳುಗಳು ಕಳೆದವು. ಮೊದಲ ಗೆರೆ ಮೇಲೇರಿತು. ರವಿಕೆಯ ತೋಳು ಬಿಗಿಯಾಯಿತು. ಹೊಲಿಗೆ ಬಿಚ್ಚಿ ಹಿಗ್ಗಿಸಿಕೊಂಡಳು. ಅಂಗಡಿಯ ರೋಲಿಂಗ್ ಶಟರನ್ನು ಮುಂಚೆ ಪಕ್ಕದಂಗಡಿಯವರು ಎತ್ತಿಕೊಡುತ್ತಿದ್ದರು, ಈಗ ಅವರದ್ದು ಸಿಕ್ಕಿಕೊಂಡರೆ ಇವಳನ್ನು ಕರೆಯುತ್ತಿದ್ದರು. ಅಂಗೈಯಲ್ಲಿ ಜಡ್ಡುಗಟ್ಟಿತು. ಚಿಮಟ ಹಿಡಿದರೆ ಬೆರಳಿಗೆ ಹಿಡಿದದ್ದೇ ತಿಳಿಯದೆ ಕೆಲವು ದಿನ ಸ್ಕ್ರೂಗಳು ಕಳೆದುಹೋದವು. ಆಮೇಲೆ ಅದಕ್ಕೂ ಕೈ ಹೊಂದಿಕೊಂಡಿತು.

ತೊಂದರೆ ಎರಡನೆಯ ಗೆರೆಯಲ್ಲಿತ್ತು. ಗಂಡನನ್ನು ತೂಗಲು ಅವಳು ಗಾಲಿಕುರ್ಚಿಯನ್ನು ತಳ್ಳಿಕೊಂಡು ಬೀದಿ ತುದಿಯ ದಿನಸಿ ಮಂಡಿಗೆ ಹೋಗುತ್ತಿದ್ದಳು. ಅಲ್ಲಿ ಮೂಟೆ ತೂಗುವ ದೊಡ್ಡ ತಕ್ಕಡಿ ನೆಲಮಟ್ಟದಲ್ಲಿತ್ತು.

"ಕುರ್ಚಿ ಕಳೀಬೇಕಲ್ಲಮ್ಮ?" ಎಂದು ಮಂಡಿಯವನು ಪ್ರತಿಸಲವೂ ಕೇಳುತ್ತಿದ್ದ.

"ಕಳೀರಿ."

ಕಳೆದು ನೋಡಿದರೆ ಎಂಬತ್ತೈದು. ಮುಂದಿನ ಸಲ ಎಂಬತ್ತೇಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ಅವಳು ಸಕ್ಕರೆ ಡಬ್ಬ ಮುಚ್ಚಿಟ್ಟಳು, ಬೇಕರಿ ತಿಂಡಿ ನಿಲ್ಲಿಸಿದಳು, ಆಳನ್ನು ಗದರಿಸಿದಳು. ಗೆರೆ ಇಳಿಯಲಿಲ್ಲ.

"ನೀವು ಏನು ತಿಂತಿದೀರಿ?" ಎಂದು ಒಂದು ದಿನ ನೇರವಾಗಿ ಕೇಳಿದಳು.

"ನೀನು ಕೊಟ್ಟಿದ್ದು."

"ನಾನೇನು ಕೊಟ್ಟೆ?"

"ಹಳದಿ."

ಅವಳಿಗೆ ಆಗ ಹೊಳೆಯಿತು. ಮೊಟ್ಟೆಯ ಬಿಳಿಯೆಲ್ಲ ತನ್ನ ಹೊಟ್ಟೆಗೆ. ಹಳದಿ ಚೆಲ್ಲಲು ಮನಸ್ಸಾಗದೆ, ಬೆಣ್ಣೆ ಹಾಕಿ ಹುರಿದು ಬ್ರೆಡ್ಡಿನ ಜೊತೆ ಗಂಡನ ತಟ್ಟೆಗೆ. ತನ್ನ ಶತ್ರುವನ್ನು ತಾನೇ ಸಾಕುತ್ತಿದ್ದಳು. ಮೇಷ್ಟ್ರಿಗೆ ಹೇಳಿದರೆ ಅವರು ಬಹಳ ಹೊತ್ತು ಯೋಚಿಸಿ, "ನೀವೂ ಪೂರ್ತಿ ಮೊಟ್ಟೇನೇ ತಿನ್ನಿ ಬಿಡಿ," ಎಂದರು.

ತೂಕ ಎಂಬತ್ತಾರಕ್ಕೆ ಬಂದು ನಿಂತಿತು. ಅವಳು ಬಾರಿನಲ್ಲಿ ಅದನ್ನೂ ದಾಟಿದಳು. ಆದರೆ ಮೇಷ್ಟ್ರು ಇನ್ನೂ ಒಪ್ಪಲಿಲ್ಲ. "ಬಾರಿಗೆ ಹಿಡ್ಕೊಳ್ಳೋಕೆ ಜಾಗ ಇದೆ. ಮನುಷ್ಯನಿಗೆ ಹಿಡಿಕೆ ಇರಲ್ಲ," ಎಂದು ಮರಳು ತುಂಬಿದ ಚೀಲಗಳನ್ನು ತಂದರು. ಅವನ್ನು ತಬ್ಬಿ ಎತ್ತಬೇಕು, ತಿರುಗಬೇಕು, ಮೆತ್ತಗೆ ಇಳಿಸಬೇಕು. ಧೊಪ್ಪೆಂದು ಬೀಳಿಸಿದರೆ, "ಅಮ್ಮ, ಗಂಡ," ಎಂದು ನೆನಪಿಸುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಅವಳು ಆಳಿಗೆ ಬರಬೇಡವೆಂದು ಮೊದಲೇ ಹೇಳಿದ್ದಳು. ಗಂಡನ ಅಕ್ಕನೂ ಬಂದಿದ್ದಳು. ಬಾಗಿಲಿಗೆ ಅಂಟಿ ನಿಂತಳು, ಬೀಳುವಾಗ ಹಿಡಿಯಲೋ ತಪ್ಪಿಸಿಕೊಳ್ಳಲೋ ಹೇಳಲಾಗದು. ಕನ್ನಡಕದಮ್ಮ ಕುರ್ಚಿಯನ್ನು ಮಂಚಕ್ಕೆ ತಾಗಿಸಿ ಬ್ರೇಕು ಹಾಕಿದಳು. ಗಂಡನನ್ನು ಅಂಚಿಗೆ ಕೂರಿಸಿ, ಅವನ ಮಂಡಿಗಳನ್ನು ತನ್ನ ಮಂಡಿಗಳ ನಡುವೆ ಒತ್ತಿ ಹಿಡಿದು, ಎದೆಗೆ ಎದೆ ಕೊಟ್ಟು ತಬ್ಬಿದಳು.

"ಉಸಿರು ಬಿಡ್ಬೇಡಿ," ಎಂದಳು.

"ನಾನಾ, ನೀನಾ?"

"ಇಬ್ರೂ."

ಎತ್ತಿದಳು. ಅವನ ಸೊಂಟ ಹಾಸಿಗೆ ಬಿಟ್ಟಿತು. ಅವಳ ಕಾಲು ನಡುಗಲಿಲ್ಲ. ತಿರುಗಿ, ಕುರ್ಚಿಯೊಳಗೆ ಸದ್ದಿಲ್ಲದೆ ಇಳಿಸಿದಳು. ಗಂಡನ ಅಕ್ಕ ಬಾಗಿಲು ಬಿಟ್ಟು ಬಂದು, "ಅಯ್ಯೋ, ಎತ್ತೇಬಿಟ್ಳಲ್ಲೋ!" ಎಂದಳು.

ಕ್ರೇನಣ್ಣ ಅಂಗಿ ಸರಿಮಾಡಿಕೊಂಡ. "ಚೆನ್ನಾಗಿ ಇಳಿಸಿದೆ," ಎಂದ. ಆಮೇಲೆ ಆ ದಿನವಿಡೀ ಒಂದು ಮಾತೂ ಆಡಲಿಲ್ಲ. ಮೆಚ್ಚಿಗೆ ಇಷ್ಟೇನಾ ಎಂದು ಅವಳಿಗೆ ಒಳಗೊಳಗೇ ಚುಚ್ಚಿತು. ಆದರೂ ಆಳನ್ನು ಬಿಡಿಸಿದಳು. ಬೆಳಿಗ್ಗೆ ತಾನೇ ಎತ್ತಿದಳು, ಸಂಜೆ ತಾನೇ ಇಳಿಸಿದಳು. ಮಧ್ಯಾಹ್ನ ಊಟಕ್ಕೆ ಬಂದಾಗ ಅವನಿಗೆ ಬೇಕೆನಿಸಿದರೆ ಸ್ವಲ್ಪ ಹೊತ್ತು ಮಲಗಿಸಿಯೂ ಹೋಗುತ್ತಿದ್ದಳು. ಫ್ರಿಜ್ಜಿನ ಮೇಲಿನ ಹಾಳೆಯನ್ನು ಎಷ್ಟು ಸಲ ನೋಡಿದರೂ ಅವಳಿಗೆ ಸಾಕೆನಿಸುತ್ತಿರಲಿಲ್ಲ.

ಹೀಗೆ ಕೆಲವು ವಾರ ನಡೆಯಿತು. ಒಂದು ಮಧ್ಯಾಹ್ನ, ಮಂಚದ ಮೇಲೆ ಮಲಗಿಸಿ ಹೋದ ಗಂಡ, ಸಂಜೆ ಅವಳು ಬಂದಾಗ ಅಡುಗೆಮನೆಯಲ್ಲಿ ಗಾಲಿಕುರ್ಚಿಯಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದ.

ಅವಳು ಕೈಚೀಲವನ್ನು ಕೆಳಗಿಡಲಿಲ್ಲ. "ಯಾರು ಬಂದಿದ್ರು?"

"ಯಾರೂ ಇಲ್ಲ."

"ಅಕ್ಕ ಬಂದಿದ್ರಾ?"

"ಅವಳ ಕೈಲಿ ನನ್ನ ಚಪ್ಪಲಿ ಎತ್ತೋಕಾಗಲ್ಲ."

"ಮತ್ತೆ ಹೇಗೆ ಬಂದ್ರಿ?"

ಕ್ರೇನಣ್ಣ ಚಾಕುವಿನ ತುದಿಯಿಂದ ಮಲಗುವ ಕೋಣೆಯನ್ನು ತೋರಿಸಿದ. ಮಂಚದ ಅಂಚಿನಲ್ಲಿ ಬೀರುವಿನ ಒಳಗಿನ ಹಲಗೆಯೊಂದು ಬಿದ್ದಿತ್ತು. "ಹಲಗೆ ಅಡ್ಡ ಹಾಕಿ, ಕೈ ಊರಿ, ಅದರ ಮೇಲೆ ಜಾರಿಕೊಂಡು ಬರೋದು. ಕೈಗೆ ಬಲ ಇದ್ರೆ ಸಾಕು."

"ಇದನ್ನ ಯಾವಾಗ ಕಲಿತ್ರಿ?"

ಅವನು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದ. "ಆಸ್ಪತ್ರೆಯಲ್ಲೇ ಹೇಳಿಕೊಟ್ಟಿದ್ರು."

ಕನ್ನಡಕದಮ್ಮ ಚೀಲವನ್ನು ಕೆಳಗಿಟ್ಟಳು. ಮರಳಿನ ಚೀಲಗಳು, ಮೊಟ್ಟೆಗಳು, ಜಡ್ಡುಗಟ್ಟಿದ ಅಂಗೈ, ಬೇಯಿಸಿದ ಕೋಳಿಯ ಸಪ್ಪೆ ತುಂಡುಗಳು, ಎಲ್ಲವೂ ಒಟ್ಟಿಗೆ ಅವಳ ಕಣ್ಣ ಮುಂದೆ ಬಂದವು.

"ಆವಾಗ್ಲೇ ಗೊತ್ತಿತ್ತು. ನಾನು ನಿಮ್ಮ ಕೆಳಗೆ ಸಿಕ್ಕಿಕೊಂಡು ಬಿದ್ದಿದ್ದಾಗ್ಲೂ ಗೊತ್ತಿತ್ತು."

"ಗೊತ್ತಿತ್ತು."

"ಮತ್ಯಾಕೆ ಮಾಡ್ಲಿಲ್ಲ?"

"ಅದನ್ನ ಕಲಿತ್ರೆ ಇದೇ ಖಾಯಂ ಅಂತ ಒಪ್ಕೊಂಡ ಹಾಗಲ್ವಾ. ಕಾಲು ಬಂದೇ ಬರುತ್ತೆ ಅಂತ ಇದ್ದೆ. ಬರೋವರೆಗೆ ಯಾರಾದ್ರೂ ಎತ್ತಲಿ, ಬಂದ ಮೇಲೆ ನಾನೇ ಎದ್ದು ಹೋದ್ರಾಯ್ತು ಅಂತ."

"ಈಗೇನಾಯ್ತು?"

"ನೀನು ಎತ್ತಿದೆಯಲ್ಲ ಆ ಭಾನುವಾರ. ಅಷ್ಟು ಬಲ ಒಂದೆರಡು ದಿನಕ್ಕೆ ಬರಲ್ಲ. ನೀನು ಯಾವತ್ತೋ ಒಪ್ಕೊಂಡು ಕೆಲಸ ಶುರು ಮಾಡಿದ್ದೆ. ನಾನೊಬ್ಬನೇ ಕಾಯ್ತಾ ಕೂತಿದ್ದೆ." ಅವನು ಅಂಗೈಯಿಂದ ಕಣ್ಣೊರೆಸಿಕೊಂಡ. ಈರುಳ್ಳಿ ಹೆಚ್ಚಿದ ಕೈ; ಕಣ್ಣು ಇನ್ನಷ್ಟು ಉರಿಯಿತು. ಅವಳು ಒದ್ದೆ ಬಟ್ಟೆ ತಂದುಕೊಟ್ಟಳು. ಆದರೂ ಅವಳಿಗೆ ಕೋಪ ಬಂದಿತ್ತು.

ಕೋಪ ಸುಮಾರು ದಿನ ಇತ್ತು. ಅವನು ತಾನಾಗಿ ಕುರ್ಚಿಗೆ ಬರುತ್ತಿದ್ದ, ತಾನಾಗಿ ಮಲಗುತ್ತಿದ್ದ, ಅಡುಗೆಯಲ್ಲಿ ಅರ್ಧ ಕೆಲಸ ಮಾಡಿಟ್ಟಿರುತ್ತಿದ್ದ. ಅವಳು ಉಣ್ಣುತ್ತಿದ್ದಳು, ಮುಖ ಮಾತ್ರ ಬಿಗಿದುಕೊಂಡಿರುತ್ತಿದ್ದಳು. ಬೆಳಿಗ್ಗೆ ಎದ್ದರೆ ಎರಡೂ ತೋಳುಗಳಿಗೆ ಕೆಲಸವಿಲ್ಲ. ಗಂಡ ಹಲಗೆಯ ಮೇಲೆ ಜಾರುವಾಗ ಹಿಡಿಯಲು ಹೋದರೆ, "ಬೇಡ, ಬೇಡ," ಎನ್ನುತ್ತಿದ್ದ. ಅದೇ ಸಂತೋಷದ ವಿಷಯ ಎಂದು ಅವಳಿಗೆ ಗೊತ್ತಿತ್ತು. ಸಂತೋಷ ಬರಲು ಸ್ವಲ್ಪ ತಡವಾಯಿತು.

ಅವಳು ಜಿಮ್ಮಿಗೆ ಹೋಗಿ ಮೇಷ್ಟ್ರಿಗೆ ಎಲ್ಲ ಹೇಳಿದಳು. ಅವರು ಕೇಳಿ, ಇಲ್ಲದ ಕುತ್ತಿಗೆಯನ್ನು ಕೆರೆದುಕೊಂಡರು.

"ಹಾಗಾದ್ರೆ ನಿಮ್ಮ ಕೆಲಸ ಮುಗೀತಲ್ಲಮ್ಮ. ಬರೋದು ನಿಲ್ಲಿಸ್ತೀರಾ?"

ಅವಳು ಇದನ್ನು ಯೋಚಿಸಿಯೇ ಇರಲಿಲ್ಲ. ಬಾರಿನ ಕಡೆ ನೋಡಿದಳು. "ಇವತ್ತು ಬಂದಾಗಿದೆ. ಎತ್ತಿ ಹೋಗ್ತೀನಿ," ಎಂದಳು. ಮುಂದಿನ ಸಲವೂ ಹಾಗೆಯೇ ಬಂದಾಗಿತ್ತು. ಅದರ ಮುಂದಿನ ಸಲ ಮೇಷ್ಟ್ರು ಕೇಳಲಿಲ್ಲ.

ಒಂದು ಬೆಳಿಗ್ಗೆ ಅವಳು ಬೂಟಿನ ದಾರ ಕಟ್ಟುತ್ತಿದ್ದಾಗ ಕ್ರೇನಣ್ಣ ಹಿಂದೆ ಬಂದು ಕುರ್ಚಿ ನಿಲ್ಲಿಸಿದ.

"ಈಗ ಯಾಕೆ ಹೋಗ್ತೀಯ? ನನ್ನನ್ನ ಎತ್ತೋದೇನೂ ಇಲ್ವಲ್ಲ."

"ನಿಮಗೋಸ್ಕರ ಅಲ್ಲ."

"ಮತ್ತೆ?"

ಅವಳು ದಾರ ಹಿಡಿದುಕೊಂಡೇ ಯೋಚಿಸಿದಳು. ಬೇರೆ ಯಾರಾದರೂ ಕೇಳಿದ್ದರೆ ಆರೋಗ್ಯಕ್ಕೆ ಎಂದು ಹೇಳಿ ಮುಗಿಸುತ್ತಿದ್ದಳು.

"ಎತ್ತಿ ನಿಂತು ಕೆಳಗಿಡ್ತೀನಲ್ಲ, ಆವಾಗ ಒಂದು ಸದ್ದಾಗುತ್ತೆ. ಅಂಗಡೀಲಿ ನಾನು ಮಾಡೋ ಯಾವ ಕೆಲಸಕ್ಕೂ ಸದ್ದಿಲ್ಲ. ಅದಕ್ಕೆ."

ಕ್ರೇನಣ್ಣ ತಲೆಯಾಡಿಸಿದ. ಅವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. ಅವಳ ಮುಖದ ಬಿಗಿ ಸಡಿಲವಾಗಿತ್ತು. ಎಂದಿನಿಂದ ಎಂದು ಇಬ್ಬರಿಗೂ ತಿಳಿಯಲಿಲ್ಲ.

"ಬರುವಾಗ ಬ್ರೆಡ್ ತಾ," ಎಂದ ಅವನು, "ಮುಗಿದಿದೆ."