ದಿನಕ್ಕೆ ನೂರಾ ಆರು

“ಇಂಗ್ಲಿಷ್ ಬರಲ್ಲ ಅಂತ ಬರೆದಿದೀನಿ, ಇಲ್ಲಿ ಸೈನ್ ಹಾಕು. ಮೊದಲು ಆ ಹಿಟ್ಟಿನ ಕೈ ಒರೆಸ್ಕೋ, ಗಲೀಜು ಮುಂಡೇದೆ.”

ಗೌರಕ್ಕ ಕೈ ಒರೆಸಿಕೊಳ್ಳಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ತಿರುವಿ ಹಾಕಿ, ಆಮೇಲೆ ಸತ್ಯನಾರಾಯಣರ ಕೈಯಲ್ಲಿದ್ದ ಕಾಗದ ನೋಡಿದಳು. ಪೆಂಡಲ್ ಹಿಲ್ ಸ್ಟೇಷನ್ ಹತ್ತಿರದ ಅವರ ಖಾನಾವಳಿಯ ಅಡುಗೆಮನೆಯಲ್ಲಿ ಬೆಳಿಗ್ಗೆ ಆರಕ್ಕೆ ನಿಂತರೆ ಸಂಜೆ ಆರರವರೆಗೆ ಅವಳು ನಿಂತೇ ಇರಬೇಕು. ಅಲ್ಲಿ ಇದ್ದದ್ದು ಒಂದೇ ಕುರ್ಚಿ, ಮಾಲೀಕರದು. ಅವರು ಬಾರದ ದಿನ ಅದರ ಮೇಲೆ ಈರುಳ್ಳಿ ಚೀಲ ಕೂರಬಹುದಿತ್ತು, ಗೌರಕ್ಕ ಕೂರುವಂತಿರಲಿಲ್ಲ.

ಕಾಗದ ಬಂದದ್ದು ಅವಳ ಹೆಸರಿಗೆ, ಒಡೆದದ್ದು ಸತ್ಯನಾರಾಯಣ. ದಿ ಪಾಂಡ್ಸ್ ಬಡಾವಣೆಯಲ್ಲಿ ಅವರ ಮನೆಯ ಹಿತ್ತಿಲ ಕೋಣೆಯಲ್ಲೇ ಅವಳ ವಾಸ, ಹಾಗಾಗಿ ಟಪಾಲು ಮೊದಲು ಅವರ ಕೈಗೆ. ಗಂಡ ಚನ್ನಬಸಯ್ಯ ಬೈಲಹೊಂಗಲದಿಂದ ಅಡುಗೆಯವನ ವೀಸಾದ ಮೇಲೆ ಈ ದೇಶಕ್ಕೆ ಬಂದದ್ದು ಈ ಖಾನಾವಳಿಗೇ. ಖಾಯಂ ಇರಲು ಪಿಆರ್ ಆಯಿತು, ಸಿಟಿಜನ್‌ಶಿಪ್ ಆಯಿತು, ಆಮೇಲೊಂದು ದಿನ ಇದೇ ಒಲೆಯ ಮುಂದೆ ಎದೆ ಹಿಡಿದುಕೊಂಡು ಕುಸಿದ. ಕಾರ್ಯ ಮುಗಿದ ಮೂರನೇ ದಿನ ಸತ್ಯನಾರಾಯಣ, “ನೀನು ನಮ್ಮನೆಯವಳೇ ಕಣಮ್ಮ,” ಅಂದು ಅವಳನ್ನೇ ಆ ಒಲೆಯ ಮುಂದೆ ನಿಲ್ಲಿಸಿದರು. ಮನೆಯವಳಿಗೆ ಸಂಬಳದ ಚೀಟಿ ಯಾಕೆ? ದಿನಕ್ಕೆ ಎಂಬತ್ತು ಡಾಲರ್, ಕೈಗೆ. ಅವರ ವ್ಯಾನಿನಲ್ಲಿ ಕೆಲಸಕ್ಕೆ ಬರುವುದಕ್ಕೆ ಅದರಲ್ಲಿ ಐದು ಮುರಿದುಕೊಳ್ಳುತ್ತಿದ್ದರು. ಒಂಬತ್ತು ವರ್ಷ ಅವಳ ಫಾರ್ಮುಗಳನ್ನೆಲ್ಲ ತುಂಬಿದ್ದೂ ಅವರೇ. ಅವರು ಬೆರಳಿಟ್ಟಲ್ಲಿ ಗೌರಕ್ಕ ಸಹಿ ಹಾಕುತ್ತಿದ್ದಳು. ಓದಿದವರು, ಕನ್ನಡ ಸಂಘದ ಅಧ್ಯಕ್ಷರು, ಸಾಲದ್ದಕ್ಕೆ ಜೆಪಿ, ಅಂದರೆ ಜಸ್ಟಿಸ್ ಆಫ್ ದಿ ಪೀಸ್ ಬೇರೆ. ಕಾಗದಪತ್ರಕ್ಕೆ ಸಾಕ್ಷಿ ನಿಂತು ಮುದ್ರೆ ಒತ್ತಲು ಸರ್ಕಾರವೇ ಅಧಿಕಾರ ಕೊಟ್ಟ ಮನುಷ್ಯ. ಅಂಥವರನ್ನು ಅನುಮಾನಿಸುವುದು ಅವಳಿಗೆ ಪಾಪವೆನಿಸುತ್ತಿತ್ತು.

“ಏನ್ ಕಾಗದ್ರಿ ಇದು?”

“ಜ್ಯೂರಿ ಡ್ಯೂಟಿ. ಕೋರ್ಟ್‌ನಲ್ಲಿ ಹನ್ನೆರಡು ಜನ ಕೂತು ಆರೋಪಿ ತಪ್ಪು ಮಾಡಿದಾನೋ ಇಲ್ವೋ ಹೇಳ್ಬೇಕು. ನೀನು ಹೋಗಿ ಏನೇ ಹೇಳ್ತೀಯ? ಉಪ್ಪು ಕಮ್ಮಿ ಅಂತ ಹೇಳ್ತೀಯಾ?”

ಗೌರಕ್ಕ ಕಾಗದ ಇಸಿದುಕೊಂಡು ಓದಿದಳು. ಇಪ್ಪತ್ತು ವರ್ಷ ಈ ಊರಲ್ಲಿದ್ದಾಳೆ. ಆಫೀಸು ಗುಡಿಸಿದ್ದಾಳೆ, ಆಸ್ಪತ್ರೆಯಲ್ಲಿ ಗಂಡನ ಹೆಣಕ್ಕೆ ಇಂಗ್ಲಿಷಿನಲ್ಲೇ ಸಹಿ ಹಾಕಿದ್ದಾಳೆ. “ನಾಟ್ ಏಬಲ್ ಟು ಅಂಡರ್‌ಸ್ಟ್ಯಾಂಡ್” ಎಂದು ಅವರು ಬರೆದದ್ದು ಅವಳಿಗೆ ಚೆನ್ನಾಗಿಯೇ ಅರ್ಥವಾಯಿತು. ಮುಂಡೇದೆ ಅಂದದ್ದಕ್ಕಿಂತ ಹೆಚ್ಚಾಗಿ ಇದು ಉರಿಯಿತು.

“ಸುಳ್ಳ ಯಾಕ ಬರದ್ರಿ? ನನಗ ಬರ್ತೈತಿ. ನಾ ಹೋಗಾಕಿ.”

“ಲೇ, ಹತ್ತು ದಿನಾನೋ ಹದಿನೈದು ದಿನಾನೋ! ರೊಟ್ಟಿ ನಿಮ್ಮಪ್ಪ ಬಡೀತಾನಾ?”

“ಕರದವರು ಸರ್ಕಾರದವರ್ರಿ. ನೀವು ತಡದ್ರ ನಿಮಗ ದಂಡ ಅಂತ ಇಲ್ಲೇ ಬರದಾರ.”

ಸತ್ಯನಾರಾಯಣ ಕಾಗದವನ್ನು ಮತ್ತೊಮ್ಮೆ ನೋಡಿದರು. ಆಮೇಲೆ ತಣ್ಣಗೆ ಹೇಳಿದರು: “ಹೋಗು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಇನ್ನೂರು ರೊಟ್ಟಿ ಬಡಿದಿಟ್ಟು ಹೋಗು. ಅದಕ್ಕೆ ದುಡ್ಡು ಕೇಳ್ಬೇಡ, ಕೋರ್ಟ್‌ನೋರು ಕೊಡ್ತಾರಲ್ಲ.”

ಪ್ಯಾರಾಮ್ಯಾಟಾ ಕೋರ್ಟಿನಲ್ಲಿ ಅವಳ ನಂಬರ್ ಕೂಗಿದರು. ಹನ್ನೆರಡು ಮಂದಿಯಲ್ಲಿ ಅವಳು ಒಂಬತ್ತನೆಯವಳು. ಬಾಗಿಲು ತೆರೆದು ಅವರು ಸಾಲಾಗಿ ಒಳಗೆ ಬಂದಾಗ ಕಪ್ಪು ನಿಲುವಂಗಿಯ ವಕೀಲರು ಎದ್ದು ನಿಂತರು. ಯಾರೋ ದೊಡ್ಡವರು ಬಂದರೆಂದು ಗೌರಕ್ಕ ಹಿಂದೆ ತಿರುಗಿ ನೋಡಿದಳು. ಹಿಂದೆ ಮುಚ್ಚಿದ ಬಾಗಿಲಷ್ಟೇ ಇತ್ತು. ಮೆತ್ತನೆಯ ಕುರ್ಚಿಯ ಅಂಚಿನಲ್ಲಿ ಕೂತಳು. ಕೇಸಿನ ಮಾತು ಹೊರಗೆ ಆಡಬಾರದು ಅಂತ ಜಡ್ಜು ಹೇಳಿದ. ಗೌರಕ್ಕ ಆಡಲಿಲ್ಲ, ಆದ್ದರಿಂದ ಅದು ನಮಗೂ ಬೇಡ.

ಟೀ ಹೊತ್ತಿನಲ್ಲಿ ಆಡಿದ ಮಾತಿಗೆ ಅಂಥ ಕಟ್ಟಿಲ್ಲ. ಜ್ಯೂರಿಯಲ್ಲಿದ್ದ ಪ್ಲಂಬರ್ ಒಬ್ಬ ಗೋಡೆಗೆ ಅಂಟಿಸಿದ್ದ ಭತ್ಯೆಯ ಪಟ್ಟಿ ಓದಿ ನಗತೊಡಗಿದ.

“ದಿನಕ್ಕೆ ನೂರಾ ಆರು ಡಾಲರ್ ಮೂವತ್ತು ಸೆಂಟ್! ಇಷ್ಟನ್ನ ನಾನು ಬೆಳಗಿನ ಟೀ ಕುಡಿಯೋದ್ರೊಳಗೆ ದುಡೀತೀನಿ. ಇದು ಅವಮಾನ.”

“ಬಂದುಹೋಗೋಕೆ ಕಿಲೋಮೀಟರ್ ಲೆಕ್ಕದಲ್ಲಿ ಚಿಲ್ಲರೆ ಕೊಡ್ತಾರಲ್ಲ, ಅದರಲ್ಲಿ ಪಾರ್ಕಿಂಗೂ ಆಗಲ್ಲ,” ಅಂದಳು ಇನ್ನೊಬ್ಬಳು.

ಹೆಲೆನ್ ಎಂಬ ಮುದುಕಿ ಹೇಳಿದಳು: “ನಲವತ್ತು ವರ್ಷದ ಹಿಂದೆ ನಾನು ಜ್ಯೂರಿಯಾಗಿ ಮೆಲ್ಬರ್ನ್‌ನಲ್ಲಿ ಕೂತಿದ್ದೆ. ಆಗ ಕೊಟ್ಟದ್ದು ಟ್ರ್ಯಾಮಿಗೆ ಹೋಗಿ, ಉಳಿದರೆ ಒಂದು ಸ್ಯಾಂಡ್‌ವಿಚ್ಚಿಗೆ. ಬಾಡಿಗೆ ಹತ್ತು ಪಟ್ಟು ಏರಿತು. ಇದು ಮಾತ್ರ ತೆವಳಿಕೊಂಡೇ ಬಂತು.”

ಎಲ್ಲರೂ ನಕ್ಕರು. ಗೌರಕ್ಕನ ಕೈಯಲ್ಲಿ ಟೀ ಆರುತ್ತಿತ್ತು. ಇವರೆಲ್ಲ ಭಿಕ್ಷೆ ಅಂತ ಬೈಯುತ್ತಿರುವ ದುಡ್ಡು ಅವಳ ಕೂಲಿಗಿಂತ ಇಪ್ಪತ್ತಾರು ಡಾಲರ್ ಹೆಚ್ಚು. ಹನ್ನೆರಡು ಗಂಟೆ ನಿಂತು ರೊಟ್ಟಿ ಬಡಿದರೆ ಎಂಬತ್ತು, ಇಲ್ಲಿ ಮೆತ್ತನೆಯ ಕುರ್ಚಿಯಲ್ಲಿ ಕೂತರೆ ನೂರಾ ಆರು. ಅಲ್ಲಿ ಬರುವುದಕ್ಕೆ ದುಡ್ಡು ಮುರಿಯುತ್ತಾರೆ, ಇಲ್ಲಿ ಬಂದದ್ದಕ್ಕೆ ದುಡ್ಡು ಕೊಡುತ್ತಾರೆ.

“ನಿನಗೂ ನಷ್ಟ ಅಲ್ವಾ?” ಹೆಲೆನ್ ಕೇಳಿದಳು.

“ಹೌದು, ತುಂಬಾ ನಷ್ಟ,” ಅಂದಳು ಗೌರಕ್ಕ. ಸುಳ್ಳು ಹೇಳಿ ನಾಚಿಕೆಯಾಯಿತು. ನಾಚಬೇಕಾದವಳು ತಾನಲ್ಲ ಅನ್ನುವುದು ರೈಲಿನಲ್ಲಿ ಅಣ್ಣನಿಗೆ ಫೋನ್ ಹಚ್ಚುವವರೆಗೂ ಅವಳಿಗೆ ಹೊಳೆದಿರಲಿಲ್ಲ.

ಅಣ್ಣ ಸಿದ್ದಣ್ಣ ಮೆಲ್ಬರ್ನಿನ ವೆರಿಬೀಯಲ್ಲಿದ್ದ. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ.

“ನಾ ಜ್ಯೂರಿಯೊಳಗ ಎರಡ ಸಲ ಕುಂತೀನವಾ. ಮದಲನೇ ಸಲ ದಿನಕ್ಕ ಮೂವತ್ತಾರು, ಎರಡನೇ ಸಲ ನಲವತ್ತು. ಅಷ್ಟ ವರ್ಷದಾಗ ನಾಕ ಡಾಲರ್ ಏರಿಸ್ಯಾರ ನೋಡು. ಆದ್ರ ಇಲ್ಲಿ ಪಗಾರಕ್ಕ ಕಮ್ಮಿ ಬಿದ್ದಿದ್ದನ್ನ ಮಾಲಕ ತುಂಬಬೇಕಂತ ಕಾಯ್ದೆ ಐತಿ. ನಮ್ಮಾಂವ ಗೊಣಗಿದ, ತುಂಬಿದ. ನಿಂದೆಷ್ಟ ಕಮ್ಮಿ ಬಿತ್ತು?”

“ಕಮ್ಮಿ ಬಿದ್ದಿಲ್ಲಣ್ಣಾ. ಹೆಚ್ಚಾಗೇತಿ.”

ಸಿದ್ದಣ್ಣನಿಗೆ ಮೊದಲು ತಿಳಿಯಲಿಲ್ಲ. ಅವಳು ಲೆಕ್ಕ ಬಿಡಿಸಿ ಹೇಳಿದಳು.

“ಆ ಭಾಡ್ಯಾ ನಿನಗ ಎಂಬತ್ತ ಕೊಡ್ತಾನ? ಹನ್ನೆರಡ ತಾಸಿಗೆ? ಕಾಯ್ದೆ ಪ್ರಕಾರ ತಾಸಿಗೇ ಇಪ್ಪತ್ತರ ಮ್ಯಾಲೆ ಕೊಡಬೇಕು! ಒಂಬತ್ತ ವರ್ಷ ನೀ ನನಗ್ಯಾಕ ಹೇಳಲಿಲ್ಲಾ?”

“ನೀ ಕೇಳಿಲ್ಲ,” ಅಂದಳು ಗೌರಕ್ಕ. ಅದು ನಿಜವೇ ಆಗಿತ್ತು.

ವಿಚಾರಣೆ ಎರಡು ವಾರ ದಾಟಿತು. ಹತ್ತು ದಿನ ಮೀರಿದರೆ ಕೆಲಸದಲ್ಲಿರುವವರಿಗೆ ಭತ್ಯೆ ದುಪ್ಪಟ್ಟಿಗೂ ಹೆಚ್ಚು, ಕೆಲಸವಿಲ್ಲದವರಿಗೆ ಅದೇ ನೂರಾ ಆರು. ಕೆಲಸ ಇದೆ ಅಂತ ಮಾಲೀಕ ಬರೆದುಕೊಡಬೇಕು. ಶುಕ್ರವಾರ ಸಂಜೆ ಗೌರಕ್ಕ ಆ ಫಾರ್ಮನ್ನು ಕೊಟ್ಟಳು. ಸತ್ಯನಾರಾಯಣ ಓದದೆಯೇ ಹರಿದು ಸಿಂಕಿನ ಪಕ್ಕದ ಡಬ್ಬಿಗೆ ಹಾಕಿದರು.

“ಕೆಲಸ? ಯಾವ ಕೆಲಸ? ನಮ್ಮ ಪುಸ್ತಕದಲ್ಲಿ ನೀನು ಇಲ್ಲವೇ ಇಲ್ಲ. ಹಿತ್ತಿಲಲ್ಲಿ ಜಾಗ ಕೊಟ್ಟಿದೀವಿ, ನೀನು ಅಡುಗೆಗೆ ಕೈ ಜೋಡಿಸ್ತೀಯ, ಅಷ್ಟೇ. ಅನ್ನ ಹಾಕಿದ ಮನೆಗೆ ಕೊಳ್ಳಿ ಇಡ್ತೀಯೇನೇ ಬೇವರ್ಸಿ? ನಾಳೆಯೊಳಗೆ ರೂಮ್ ಖಾಲಿ ಮಾಡು.”

ಒಂಬತ್ತು ವರ್ಷದ ರೊಟ್ಟಿ ಎಷ್ಟಾಗಬಹುದು ಅಂತ ಗೌರಕ್ಕ ಲೆಕ್ಕ ಹಾಕಲು ಹೋಗಲಿಲ್ಲ. ತಾನು ಇಲ್ಲವೇ ಇಲ್ಲ ಎಂಬ ಮಾತೊಂದೇ ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಕೋರ್ಟಿನಲ್ಲಿ ಯಾರ ಮುಂದೆ ವಕೀಲರು ಎದ್ದು ನಿಂತರು ಹಾಗಾದರೆ?

ಶನಿವಾರ ಬೆಳಿಗ್ಗೆ ಲೈಬ್ರರಿಯ ಮೂಲೆಯಲ್ಲಿ ಎಂದಿನಂತೆ ಜೆಪಿ ಮೇಜು. ಸತ್ಯನಾರಾಯಣ ಕೋಟು ಹಾಕಿಕೊಂಡು, ಮುದ್ರೆ, ಶಾಯಿಯ ಡಬ್ಬಿ ಮುಂದಿಟ್ಟುಕೊಂಡು ಸಮಾಜಸೇವೆಗೆ ಕೂತಿದ್ದರು. ಸಾಲಿನಲ್ಲಿ ಹತ್ತು ಹನ್ನೆರಡು ಮಂದಿ, ಅರ್ಧಕ್ಕರ್ಧ ಕನ್ನಡದವರು, ಅವರ ರೊಟ್ಟಿ ತಿಂದವರು. ಗೌರಕ್ಕ ಎರಡು ಬಟ್ಟೆಯ ಚೀಲ ಹಿಡಿದು ಸಾಲಿನಲ್ಲೇ ನಿಂತಳು. ಸರದಿ ಬಂದಾಗ ಚೀಲಗಳನ್ನು ನೆಲಕ್ಕಿಟ್ಟು, ಅವರ ಎದುರಿನ ಕುರ್ಚಿ ಎಳೆದು ಕೂತಳು.

ಅವಳು ಮುಂದಿಟ್ಟದ್ದು ಎರಡು ಹಾಳೆಯ ಅಫಿಡವಿಟ್. ರಾತ್ರಿ ಹಿತ್ತಿಲ ಕೋಣೆಯಲ್ಲಿ ತಾನೇ ಕೂತು, ಮೂರು ಸಲ ಚಿತ್ತು ಮಾಡಿ ಬರೆದದ್ದು.

ಸತ್ಯನಾರಾಯಣ ಮೊದಲ ಸಾಲು ಓದಿ ದನಿ ತಗ್ಗಿಸಿದರು. “ಎದ್ದೇಳೇ. ಮನೇಲಿ ಮಾತಾಡೋಣ.”

“ಮನ್ಯಾಗ ಒಂಬತ್ತ ವರ್ಷ ಮಾತಾಡೀವ್ರಿ. ಮುದ್ರಿ ಒತ್ರಿ.”

“ಇದು ನನ್ನ ಮೇಲೆ ಬರೆದಿರೋದು. ನಾನು ಸಾಕ್ಷಿ ಹಾಕೋ ಹಾಗಿಲ್ಲ.”

“ನಿಮಗಿಂತ ಚಲೋ ಸಾಕ್ಷಿ ನನಗ ಇನ್ಯಾರದಾರ್ರಿ?”

“ರೂಮ್ ಇಲ್ಲ, ದುಡ್ಡಿಲ್ಲ. ಇವತ್ತು ರಾತ್ರಿ ಎಲ್ಲೇ ಮಲಗ್ತೀಯ?”

“ಗೊತ್ತಿಲ್ರಿ.” ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ. ಸೋಮವಾರ ಕೋರ್ಟಿಗೆ ಹೋಗಲೇಬೇಕು, ವೆರಿಬೀ ಒಂಬೈನೂರು ಕಿಲೋಮೀಟರ್ ದೂರ.

ಸಾಲಿನವರು ಕತ್ತು ನೀಡಿ ನೋಡತೊಡಗಿದ್ದರು. ಸತ್ಯನಾರಾಯಣ ಅವರ ಕಡೆ ತಿರುಗಿ ನಕ್ಕರು. “ಪಾಪ, ನಮ್ಮನೇಲಿ ಇರೋ ಹೆಂಗಸು. ಇಂಗ್ಲಿಷ್ ಬರಲ್ಲ. ಯಾರೋ ಏನೋ ಬರೆದುಕೊಟ್ಟಿದಾರೆ, ಏನಿದೆ ಅಂತ ಅವಳಿಗೇ ಗೊತ್ತಿಲ್ಲ.”

ಗೌರಕ್ಕ ಕಾಗದ ಹಿಂದಕ್ಕೆ ಎಳೆದುಕೊಂಡಳು. ಎದ್ದೇಳಲಿಲ್ಲ, ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದಳು. ಆಮೇಲೆ ಸಾಲಿನ ಕಡೆಯವನಿಗೂ ಕೇಳುವಂತೆ, ಬಡಿದು ಬಡಿದು ಗಟ್ಟಿಯಾದ ಬೆರಳನ್ನು ಅಕ್ಷರದ ಕೆಳಗೆ ಇಟ್ಟು ಓದಿದಳು:

“ಐ ಆಮ್ ಗೌರಕ್ಕ ಹಿರೇಮಠ. ಐ ವರ್ಕ್ ಫಾರ್ ಮಿಸ್ಟರ್ ಸತ್ಯನಾರಾಯಣ, ನೈನ್ ಇಯರ್ಸ್. ಟ್ವೆಲ್ವ್ ಅವರ್ಸ್ ಎ ಡೇ. ಹಿ ಪೇಸ್ ಮಿ ಏಯ್ಟಿ ಡಾಲರ್ಸ್.”

ಮುಂದಿನವರಿಗೆಂದು ಎತ್ತಿದ ಮುದ್ರೆ ಸತ್ಯನಾರಾಯಣರ ಕೈಯಲ್ಲೇ ಉಳಿಯಿತು. ಸಾಲಿನಲ್ಲಿ ಯಾರೋ ಕೆಮ್ಮಿದರು. ಗೌರಕ್ಕ ಬೆರಳಿಗೆ ಎಂಜಲು ಹಚ್ಚಿ ಎರಡನೆಯ ಹಾಳೆ ತಿರುವಿದಳು.