ಒಳಗ ಎಷ್ಟ್ ಐತಿ?

ಪರದೆ ಎತ್ತಲು ಇಬ್ಬರು ಬೇಕಿತ್ತು. ಭಾಗ್ಯನಗರದ ಮನೆಯ ಹಿತ್ತಲಲ್ಲಿ ಕಳಕಪ್ಪ ಕಬ್ಬಿಣದ ಪೈಪು ಬಗ್ಗಿಸಿ, ಮೇಲೆ ಹಾಲುಬಣ್ಣದ ಪ್ಲಾಸ್ಟಿಕ್ ಹೊದಿಸಿ ಕಟ್ಟಿದ ಉದ್ದನೆಯ ಹಸಿರುಮನೆ ಅದು. ಎರಡೂ ಮಗ್ಗುಲಿಗೆ ಸುರುಳಿ ಪರದೆ. ಪರದೆ ಸುತ್ತುವ ಪೈಪಿಗೆ ಆ ತುದಿಗೊಂದು, ಈ ತುದಿಗೊಂದು ಹಿಡಿಕೆ. ಒಬ್ಬರು ಅವಸರ ಮಾಡಿದರೆ ಪೈಪು ಸೊಟ್ಟಗಾಗಿ ಪ್ಲಾಸ್ಟಿಕ್ ಹರಿಯುತ್ತಿತ್ತು. ಹಾಗಾಗಿ ಬಿಸಿಲೇರುವ ಮುಂಚೆ ಕಳಕಪ್ಪ ಆ ತುದಿಯಲ್ಲಿ, ಹೆಂಡತಿ ಪಾರಮ್ಮ ಈ ತುದಿಯಲ್ಲಿ ನಿಲ್ಲುತ್ತಿದ್ದರು. ನಡುವೆ ಆಳೆತ್ತರದ ಟೊಮೆಟೊ, ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಅವನು ‘ಹ್ಞೂಂ’ ಅಂದರೆ ಇಬ್ಬರೂ ಒಂದು ಸುತ್ತು, ಅವಳು ‘ಹ್ಞೂಂ’ ಅಂದರೆ ಇನ್ನೊಂದು. ಸಂಜೆ ಇಳಿಸುವಾಗಲೂ ಹಾಗೆಯೇ.

ಹಿರಿಯರ ಎದುರು ಗಂಡ ಹೆಂಡತಿ ಕೂತು ಮಾತಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಬೇಕಾದ ಸಾಮಾನು, ಬಂದು ಹೋದವರು, ಅಷ್ಟೇ. ಬೇರೆ ಯಾರಿಗೂ ಅಲ್ಲದೆ ತನಗಾಗಿಯೇ ಬರುವ ದನಿ ಎಂದರೆ ಪಾರಮ್ಮನಿಗೆ ಆ ಎಲೆಗಳಾಚೆಯ ‘ಹ್ಞೂಂ’ ಒಂದೇ.

ವಿದ್ಯುತ್ ಇಲಾಖೆಯಲ್ಲಿದ್ದ ಕಳಕಪ್ಪನಿಗೆ ಬಡ್ತಿ ಸಿಕ್ಕು ಕುಷ್ಟಗಿಗೆ ವರ್ಗವಾಯಿತು. ಅವನ ಅವ್ವ, ಪಾರಮ್ಮನ ಅತ್ತೆ, ಈ ಮನೆ ಬಿಟ್ಟು ಎಲ್ಲಿಗೂ ಬರುವುದಿಲ್ಲ ಎಂದಳು. ಅತ್ತೆಯನ್ನು ಬಿಟ್ಟು ಪಾರಮ್ಮ ಹೋಗುವಂತಿರಲಿಲ್ಲ. ಅವನು ಅಲ್ಲೊಂದು ಕೋಣೆ ಹಿಡಿದು, ಶನಿವಾರ ಸಂಜೆ ಬಸ್ಸಿಗೆ ಬಂದು ಸೋಮವಾರ ನಸುಕಿನಲ್ಲಿ ಹೋಗತೊಡಗಿದ. ಪಾರಮ್ಮ ಒಬ್ಬಳೇ ಈ ತುದಿಯಲ್ಲೊಂದು ಸುತ್ತು ತಿರುಗಿಸಿ, ಓಡಿಹೋಗಿ ಆ ತುದಿಯಲ್ಲೊಂದು ಸುತ್ತು ತಿರುಗಿಸುವುದನ್ನು ಕಲಿತಳು.

ಆಗ ಶುರುವಾದದ್ದು ಮಧ್ಯಾಹ್ನದ ಫೋನು. ಹಲೋ ಇಲ್ಲ, ಏನಿಲ್ಲ.

“ಒಳಗ ಎಷ್ಟ್ ಐತಿ?”

ಪಾರಮ್ಮ ಫೋನು ಕಿವಿಗಿಟ್ಟುಕೊಂಡೇ ನಡುಗಂಬಕ್ಕೆ ತೂಗುಹಾಕಿದ ಗಾಜಿನ ಉಷ್ಣಮಾಪಕದ ಹತ್ತಿರ ಹೋಗಿ ಓದಿ ಹೇಳುವಳು. ಮೂವತ್ತಾರು. ಪರದೆ ಪೂರಾ ಎತ್ತು, ನೀರು ಇನ್ನೊಂದಿಷ್ಟು ಬಿಡು ಎನ್ನುವನು. ಅವಳು ಹನಿ ಪೈಪಿನ ನಲ್ಲಿ ತಿರುಗಿಸುವಷ್ಟರಲ್ಲಿ ಮಾತಿಗೊಂದು ಬಾಲ ಬೆಳೆಯುತ್ತಿತ್ತು. ಒಂದು ದಿನ, ತಾನು ರೊಟ್ಟಿ ಬಡಿಯಲು ಕಲಿತದ್ದನ್ನೂ, ಅವು ಗುಂಡಗಾಗದೆ ತಾಲ್ಲೂಕಿನ ನಕಾಶೆಯ ಹಾಗೆ ಆಗುವುದನ್ನೂ ಹೇಳಿದ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವನ ಬಾಯಿಂದ ಇಂಥ ಮಾತು ಅವಳು ಕೇಳಿರಲಿಲ್ಲ. ಅಡುಗೆಯನ್ನು ಬೇಗ ಮುಗಿಸಿ, ಫೋನು ಬರುವ ಮುಂಚೆಯೇ ಆ ಸೆಕೆಯೊಳಗೆ ಹೋಗಿ ನಿಲ್ಲತೊಡಗಿದಳು.

ಗೋಡೆಯಾಚೆಯ ರಾಜಾಬೀಗೆ ಎಲ್ಲ ಕೇಳಿಸುತ್ತಿತ್ತು. “ನಿನ್ನ ಗಂಡಗ ಗಿಡದ ಚಿಂತಿ ಭಾಳ ಬಿಡವಾ,” ಎಂದಳು ಒಮ್ಮೆ.

“ಹೌದವಾ, ಗಿಡದ್ದ,” ಎಂದಳು ಪಾರಮ್ಮ.

ಒಂದು ಮಧ್ಯಾಹ್ನ ಮಾತು ಬೇಗ ಮುಗಿಯುವ ಹಾಗೆ ಕಂಡಿತು. ಇನ್ನೊಂದಿಷ್ಟು ಹೊತ್ತು ಇರಲೆಂದು ಪಾರಮ್ಮ, ಓಡಾಡಿ ಮೊಣಕಾಲು ನೋಯುತ್ತವೆ ಎಂದಳು. ಕಳಕಪ್ಪ ಅದನ್ನು ಮನಸ್ಸಿಗೆ ಹಚ್ಚಿಕೊಂಡ. ಮುಂದಿನ ರಜೆಗಳಲ್ಲಿ ಊಟದ ಖಬರಿಲ್ಲದೆ ಹಿತ್ತಲಲ್ಲಿ ಕೂತು ಪರದೆಗೆ ಮೋಟಾರು, ನೀರಿಗೆ ಟೈಮರು ಕೂಡಿಸಿದ. ಕರಿ ವೈರಿನ ತುದಿಗೆ ಮೆಣಸಿನಕಾಯಿ ಗಾತ್ರದ ಉಕ್ಕಿನ ಸೆನ್ಸರು ಗಿಡಗಳ ನಡುವೆ ಇಳಿಬಿಟ್ಟ. ಮೂವತ್ತೆರಡು ದಾಟಿದರೆ ಪರದೆ ತಾನೇ ಏಳುತ್ತದೆ, ಅವನ ಫೋನಿಗೆ ಸುದ್ದಿ ಹೋಗುತ್ತದೆ. ತಣ್ಣಗಾದರೆ ತಾನೇ ಇಳಿಯುತ್ತದೆ.

“ಇನ್ನ ನೀ ಓಡ್ಯಾಡೂದು ಬ್ಯಾಡ,” ಎಂದ. ಹೊಸ ಸೈಕಲ್ಲು ತೋರಿಸುವ ಹುಡುಗನ ಮುಖವಿತ್ತು ಅವನಿಗೆ.

ಕಟ್ಟೆಯ ಮೇಲಿದ್ದ ಅತ್ತೆ, ಗಿಡಕ್ಕೆ ಸೆಕೆಯಾದರೆ ಮಗನಿಗೆ ಕುಷ್ಟಗಿಯಲ್ಲಿ ತಿಳಿಯುತ್ತದೆ, ತನಗಾದರೆ ಯಾರಿಗೆ ತಿಳಿಯುತ್ತದೆ ಎಂದು ಕೇಳಿದಳು. ಎಲ್ಲರೂ ನಕ್ಕರು. ಪಾರಮ್ಮನೂ ನಕ್ಕಳು.

ಸೋಮವಾರ ಮಧ್ಯಾಹ್ನ ಮೋಟಾರು ಗುರ್ರೆಂದಿತು. ಪರದೆ ನೆಟ್ಟಗೆ ಮೇಲೇರಿತು. ಅವರಿಬ್ಬರೂ ಸೇರಿ ಎಂದೂ ಅಷ್ಟು ನೆಟ್ಟಗೆ ಎತ್ತಿರಲಿಲ್ಲ. ಪಾರಮ್ಮ ಫೋನು ಹಿಡಿದು ನಿಂತೇ ಇದ್ದಳು. ನೀರು ತಾನೇ ಹರಿಯಿತು, ತಾನೇ ನಿಂತಿತು. ಫೋನು ಬರಲಿಲ್ಲ. ಮರುದಿನವೂ ಇಲ್ಲ. ಶನಿವಾರ ಬಂದವನು, ಬುಧವಾರ ಮೂವತ್ತೆಂಟಕ್ಕೆ ಹೋಗಿತ್ತಲ್ಲ ಎಂದ. ಅವನಿಗೆ ಎಲ್ಲ ಗೊತ್ತಿತ್ತು, ಕೇಳುವುದೇನೂ ಉಳಿದಿರಲಿಲ್ಲ.

ತಾನೇ ಫೋನು ಮಾಡಬಹುದಿತ್ತು. ಆದರೆ ಕಾರಣವಿಲ್ಲದೆ ಮಾಡಿದರೆ, ಅವ್ವನಿಗೆ ಏನಾಯಿತು ಎಂದು ಗಾಬರಿಯಾಗುವನು. ಏನೂ ಆಗಿಲ್ಲ, ಸುಮ್ಮನೆ ಮಾಡಿದೆ ಎಂದು ಹೇಳುವುದು ಹೇಗೆಂದು ಅವಳಿಗೆ ತಿಳಿದಿರಲಿಲ್ಲ. ಮೊಣಕಾಲು ನೋವು ಮಾತ್ರ ಕಡಿಮೆಯಾಗಿತ್ತು. ಹಾಗಾಗಿ ಅವನ ಮೇಲೆ ಸಿಟ್ಟಾಗುವಂತೆಯೂ ಇರಲಿಲ್ಲ.

ಎಳ್ಳಮಾವಾಸ್ಯೆ ಕಳೆದ ಮೇಲಿನ ಒಂದು ಸಂಜೆ. ಪರದೆ ಆಗಲೇ ಇಳಿದಿತ್ತು. ಪಾರಮ್ಮ ಒಣಗಿದ ಎಲೆ ಕೀಳುತ್ತಿದ್ದವಳು, ಧೂಳು ಕೂತಿದೆಯೆಂದು ಸೆನ್ಸರನ್ನು ಸೆರಗಿನಿಂದ ಒರೆಸಿದಳು. ಉಕ್ಕು ತಣ್ಣಗಿತ್ತು. ಒರೆಸಿದ್ದು ಹಾಗೆಯೇ ಮುಷ್ಟಿಯಲ್ಲಿ ಉಳಿಯಿತು. ಸ್ವಲ್ಪ ಹೊತ್ತಿಗೆ ಮೋಟಾರು ಗುರ್ರೆಂದು ಪರದೆ ಏಳತೊಡಗಿತು. ಅವಳು ಬೆಚ್ಚಿದಳು. ಬಿಟ್ಟುಬಿಡಬಹುದಿತ್ತು. ಆದರೆ ಈಗ ಕುಷ್ಟಗಿಯಲ್ಲಿ ಒಂದು ಫೋನು ಸದ್ದು ಮಾಡಿರುತ್ತದೆ ಎಂದು ಹೊಳೆಯಿತು. ಮುಷ್ಟಿಯನ್ನು ಇನ್ನೂ ಬಿಗಿ ಮಾಡಿದಳು.

ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಬಡಿದುಕೊಂಡಿತು.

“ಏನಾತು? ಈ ಹೊತ್ತಿನ್ಯಾಗ ಮೂವತ್ನಾಕು ತೋರಸಾಕತ್ತೈತಿ. ಬೆಂಕಿ ಗಿಂಕಿ ಹತ್ತೇತೇನ?”

ಒರೆಸುತ್ತಿದ್ದೆ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

“ಏನಿಲ್ರಿ. ಅದು ನನ್ನ ಕೈ. ಹಿಡ್ಕೊಂಡೇನಿ.”

“ಯಾಕ?”

ತೆರೆದ ಪರದೆಯಿಂದ ಥಂಡಿ ಗಾಳಿ ಒಳಬಂದು ಎಲೆಗಳು ಅಲುಗಿದವು.

“ನೀವು ಕೇಳೂದ ಬಿಟ್ರೆಲ್ರಿ,” ಎಂದಳು.

ಆಚೆಯಿಂದ ಯಾವುದೋ ಬಸ್ಸಿನ ಹಾರ್ನು, ಯಾರೋ ಚಹಾ ಹೇಳುತ್ತಿದ್ದ ದನಿ ಕೇಳಿಸಿತು. ನಗುತ್ತಾನೋ, ಬೈಯುತ್ತಾನೋ, ಹುಚ್ಚಿ ಎಂದು ಫೋನು ಇಟ್ಟುಬಿಡುತ್ತಾನೋ ಎಂದು ಪಾರಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು.

“ಆ ಹಳೇ ಗಾಜಿಂದು ಇನ್ನೂ ಅಲ್ಲೇ ಐತೇನ?” ಅವನ ದನಿ ಸಣ್ಣಗಾಗಿತ್ತು.

“ಐತ್ರಿ.”

“ಒಳಗ ಎಷ್ಟ್ ಐತಿ?”

ಅವಳು ಸೆನ್ಸರನ್ನು ಕೈಬಿಟ್ಟಳು. ಕತ್ತಲಾಗುತ್ತಿದೆ, ಹತ್ತಿರ ಹೋಗಿ ನೋಡುತ್ತೇನೆ, ಫೋನು ಇಡಬೇಡಿ ಎಂದಳು. ಸಾಲಿನ ನಡುವೆ ನಿಧಾನಕ್ಕೆ ನಡೆದಳು. ಬೆನ್ನ ಹಿಂದೆ ಪರದೆ ತಾನಾಗಿಯೇ ಇಳಿಯುತ್ತಿತ್ತು. ಗಾಜಿನ ಮುಂದೆ ನಿಂತಾಗ ಅಂಕಿ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಆಚೆ ಅವನು ಕಾಯುತ್ತಿದ್ದುದು ಉಸಿರಿನಲ್ಲಿ ಕೇಳಿಸುತ್ತಿತ್ತು.

ಪಾರಮ್ಮ ಹೇಳಲು ಅವಸರ ಮಾಡಲಿಲ್ಲ.